ಅಗ್ಗದ ಟೇಬಲ್ ಸಾನಲ್ಲಿ ನೇರವಾಗಿ ಕೊಯ್ಯುವುದು

ನಮ್ಮ ಮನೆಯ ಪುಸ್ತಕದ ಕಪಾಟು, ಅಡುಗೆಮನೆಯ ಡ್ರಾಯರ್‌ಗಳು, ಮಗಳ ಓದುವ ಮೇಜು, ಗೋಡೆ ಮೇಲಿನ ಫೋಟೋ ಫ್ರೇಮುಗಳು, ಎಲ್ಲವನ್ನೂ ಕೊಯ್ದದ್ದು ಒಂದೇ ಮಿಷನ್ನಿನಲ್ಲಿ. 10 ಇಂಚಿನ ಬ್ಲೇಡಿನ, ಒಬ್ಬರೇ ಎತ್ತಿ ಇಡಬಹುದಾದ ಟೇಬಲ್ ಸಾ, ಅಂದರೆ ಮೇಜಿನ ಸೀಳಿನಿಂದ ಮೇಲೆದ್ದು ತಿರುಗುವ ದುಂಡು ಗರಗಸ. ಆ ಸಾಲಿನಲ್ಲೇ ಕಡಿಮೆ ಬೆಲೆಯದು. ದೊಡ್ಡದನ್ನು ಕೊಳ್ಳುವ ಯೋಚನೆ ನನಗಿಲ್ಲ, ಇಡಲು ಜಾಗವೂ ಇಲ್ಲ. ಇದರಲ್ಲೇ ಮಟ್ಟಸವಾದ ಕೆಲಸ ಬರುತ್ತದೆ. ಆದರೆ ಪೆಟ್ಟಿಗೆಯಿಂದ ತೆಗೆದ ಹಾಗೇ ಬಳಸಿದರೆ ಬರುವುದಿಲ್ಲ.

ಅಗ್ಗದ ಸಾನ ಮೋಟಾರಿಗೆ ತಾಕತ್ತಿಲ್ಲ, ಅದಕ್ಕೇ ಕೆಲಸ ಒರಟಾಗಿ ಬರುತ್ತದೆ ಎಂದು ತುಂಬ ಜನ ಅಂದುಕೊಂಡಿದ್ದಾರೆ. ಇದರಲ್ಲಿರುವುದು ಡ್ರಿಲ್, ಮಿಕ್ಸಿಗಳಲ್ಲಿ ಇರುವ ಜಾತಿಯದೇ ಯೂನಿವರ್ಸಲ್ ಮೋಟಾರ್. ಕಿವಿ ಗಡಚಿಕ್ಕುವ ಸದ್ದು, ನಿಜ. ಆದರೂ 18 ಮಿ.ಮೀ. ಪ್ಲೈವುಡ್ಡಿಗೆ, ಒಂದು ಇಂಚಿನ ಗಟ್ಟಿಮರಕ್ಕೆ ಅದರ ಶಕ್ತಿ ಧಾರಾಳ. ಕೊರತೆ ಇರುವುದು ಮರವನ್ನು ಹಿಡಿದು ನಡೆಸುವ ಭಾಗಗಳಲ್ಲಿ: ಸಡಿಲ ಫೆನ್ಸ್ (ಮರ ಒರಗಿ ಸಾಗುವ ನೇರ ಪಟ್ಟಿ), ಅಲುಗಾಡುವ ಮೈಟರ್ ಗೇಜ್ (ಅಡ್ಡ ಕೊಯ್ಯುವಾಗ ಮರವನ್ನು ಬೇಕಾದ ಕೋನಕ್ಕೆ ಹಿಡಿದು ನೂಕುವ ಸಾಧನ), ಗಿಡ್ಡ ಮೇಜು, ಬ್ಲೇಡಿನ ಸುತ್ತಲಿನ ತೆಳು ತಗಡು. ಬೆಲೆ ಇಳಿಸಲು ಕಂಪನಿಗಳು ಕೈ ಹಾಕುವುದು ಇಲ್ಲಿಗೇ. ನಮ್ಮ ಪುಣ್ಯಕ್ಕೆ, ಪ್ಲೈವುಡ್ ಚೂರುಗಳಿಂದ ನಾವೇ ತುಂಬಿಕೊಳ್ಳಬಹುದಾದ ಕೊರತೆಗಳೂ ಇವೇ.

ಒಂದಕ್ಕೆ ಮಾತ್ರ ದುಡ್ಡು ಹಾಕಲೇಬೇಕು, ಅದು ಬ್ಲೇಡಿಗೆ. ಜೊತೆಗೆ ಬರುವ 24 ಹಲ್ಲಿನ ಬ್ಲೇಡು ಕಟ್ಟಡದ ಒರಟು ಕೆಲಸಕ್ಕೆ ಸರಿ, ಕಪಾಟಿಗಲ್ಲ. ನಾನು ಹಾಕಿಕೊಂಡಿರುವುದು 40 ಹಲ್ಲಿನ ತೆಳು ಬ್ಲೇಡು. ಮಾಮೂಲಿ ಬ್ಲೇಡು ಸುಮಾರು 3.2 ಮಿ.ಮೀ. ಮರ ತಿಂದರೆ ಇದು ತಿನ್ನುವುದು 2.4 ಮಿ.ಮೀ. ಪುಡಿ ಮಾಡಬೇಕಾದ ಮರದಲ್ಲಿ ಕಾಲು ಭಾಗ ಕಡಿಮೆ, ಸಣ್ಣ ಮೋಟಾರಿಗೆ ಅಷ್ಟೂ ಹಗುರ. ಬ್ಲೇಡು ಬದಲಾಯಿಸುವಾಗ ಅದರ ಹಿಂದೆಯೇ ನಿಂತಿರುವ ತಗಡು, ಅಂದರೆ ರೈವಿಂಗ್ ನೈಫಿನ ದಪ್ಪ ನೋಡಲು ಮರೆಯಬಾರದು. ಅದು ಬ್ಲೇಡಿನ ತಟ್ಟೆಗಿಂತ ದಪ್ಪ, ಹಲ್ಲು ಬಿಡಿಸುವ ಸೀಳಿಗಿಂತ ತೆಳು ಇರಬೇಕು. ಸೀಳಿಗಿಂತ ದಪ್ಪ ಇದ್ದರೆ ಮರ ಅರ್ಧಕ್ಕೇ ಸಿಕ್ಕಿಕೊಂಡು ನಿಲ್ಲುತ್ತದೆ.

ಇನ್ನು ಹೊಂದಾಣಿಕೆ. ನನಗೆ ತುಂಬ ಇಷ್ಟದ ಕೆಲಸ ಇದು, ಹೊಸ ಸಾ ತಂದವರು ಒಂದು ಇಡೀ ಬೆಳಗನ್ನು ಇದಕ್ಕೆ ಕೊಡಬೇಕು ಎಂದು ಒತ್ತಿ ಹೇಳುತ್ತೇನೆ. ಪ್ಲಗ್ ಕಿತ್ತಿಡಿ. ಬ್ಲೇಡನ್ನು ಪೂರ್ತಿ ಮೇಲೆತ್ತಿ, ಒಂದು ಹಲ್ಲಿಗೆ ಮಾರ್ಕರ್‌ನಿಂದ ಗುರುತು ಮಾಡಿ. ಆ ಹಲ್ಲನ್ನು ಮುಂದೆ ತಂದು, ಮೇಜಿನಲ್ಲಿ ಕೊರೆದಿರುವ ಮೈಟರ್ ಗಾಡಿಯ (ಮೈಟರ್ ಗೇಜ್ ಜಾರುವ ಉದ್ದ ತೋಡಿನ) ಅಂಚಿನಿಂದ ಅದಕ್ಕೆ ಎಷ್ಟು ದೂರ ಅಳೆಯಿರಿ. ಬ್ಲೇಡನ್ನು ಕೈಯಲ್ಲೇ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ಒಯ್ದು ಮತ್ತೆ ಅಳೆಯಿರಿ. ಎರಡೂ ಕಡೆ ಒಂದೇ ಹಲ್ಲನ್ನು ಅಳೆಯುವುದರಲ್ಲೇ ಗುಟ್ಟಿರುವುದು: ತಟ್ಟೆ ಸ್ವಲ್ಪ ಸೊಟ್ಟಗಿದ್ದರೂ ಅದು ಲೆಕ್ಕಕ್ಕೆ ಬರುವುದಿಲ್ಲ, ಬ್ಲೇಡು ಗಾಡಿಗೆ ಸಮಾನಾಂತರ ಇದೆಯೋ ಇಲ್ಲವೋ ಎಂಬುದಷ್ಟೇ ಗೊತ್ತಾಗುತ್ತದೆ. ವ್ಯತ್ಯಾಸ ಇದ್ದರೆ ಬ್ಲೇಡ್ ಜೋಡಣೆಯನ್ನು ಹಿಡಿದಿರುವ ಬೋಲ್ಟ್‌ಗಳನ್ನು ತುಸು ಸಡಿಲಿಸಿ, ಮರದ ತುಂಡಿನಿಂದ ಮೆಲ್ಲಗೆ ತಟ್ಟಿ ಸರಿಮಾಡಿಕೊಳ್ಳಬೇಕು. ಬೋಲ್ಟ್ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಲೇಬೇಕು, ಬಿಗಿಯುವಾಗ ಅದು ಸರಿಯುತ್ತದೆ.

ಅದಾದ ಮೇಲೆ ಫೆನ್ಸ್. ನನ್ನ ಸಾನ ಫೆನ್ಸ್ ಮುಂದುಗಡೆ ಮಾತ್ರ ಗಟ್ಟಿಯಾಗಿ ಕಚ್ಚುತ್ತದೆ, ಹಿಂದಿನ ತುದಿ ಕೈಯಲ್ಲಿ ನೂಕಿದರೆ ಅಲುಗುತ್ತದೆ. ಅದರ ಅಳತೆಪಟ್ಟಿಯನ್ನು ನಾನು ನಂಬುವುದಿಲ್ಲ. ಲಿವರ್ ಒತ್ತುವಾಗ ಫೆನ್ಸಿನ ತಲೆಯನ್ನು ಮುಂದಿನ ಹಳಿಗೆ ಅದುಮಿ ಹಿಡಿಯುತ್ತೇನೆ, ಸ್ಟೀಲ್ ಸ್ಕೇಲ್ ಇಟ್ಟು ಬ್ಲೇಡಿನ ಮುಂದಿನ ಹಲ್ಲಿಗೂ ಹಿಂದಿನ ಹಲ್ಲಿಗೂ ದೂರ ನೋಡುತ್ತೇನೆ, ಆಮೇಲೆ ಹಿಂತುದಿಗೆ ಒಂದು ಕ್ಲ್ಯಾಂಪ್ ಬಿಗಿಯುತ್ತೇನೆ. ಎರಡೂ ದೂರ ಒಂದೇ ಇರಬೇಕು. ಹಿಂದುಗಡೆ ಒಂದು ಹಾಳೆಯ ದಪ್ಪದಷ್ಟು ಜಾಸ್ತಿ ಇದ್ದರೆ ನಡೆಯುತ್ತದೆ, ಕಡಿಮೆ ಇದ್ದರೆ ಮಾತ್ರ ಸ್ವಿಚ್ ಮುಟ್ಟುವುದಿಲ್ಲ.

ಯಾಕೆಂದರೆ ಬ್ಲೇಡಿನ ಮುಂಭಾಗದ ಹಲ್ಲುಗಳು ಮರವನ್ನು ಮೇಜಿಗೆ ಒತ್ತುತ್ತವೆ, ಹಿಂಭಾಗದವು ಮೇಲಕ್ಕೆ ಏಳುತ್ತವೆ. ಫೆನ್ಸ್ ಹಿಂದೆ ಕಿರಿದಾದರೆ ಮರ ಅಲ್ಲಿ ಇಕ್ಕಟ್ಟಿಗೆ ಸಿಕ್ಕಿ ಆ ಏಳುವ ಹಲ್ಲುಗಳಿಗೆ ತಾಗುತ್ತದೆ. ಅವು ಅದನ್ನು ಎತ್ತಿ, ನಿಂತವರ ಕಡೆಗೇ ಬೀಸಿ ಒಗೆಯುತ್ತವೆ. ಕಿಕ್‌ಬ್ಯಾಕ್ ಎನ್ನುವುದು ಇದಕ್ಕೇ. 254 ಮಿ.ಮೀ. ಬ್ಲೇಡಿನ ಸುತ್ತಳತೆ ಸುಮಾರು 80 ಸೆಂ.ಮೀ. ನಿಮಿಷಕ್ಕೆ 4800 ಸುತ್ತು ತಿರುಗಿದರೆ ಹಲ್ಲಿನ ವೇಗ ಗಂಟೆಗೆ ಸುಮಾರು 230 ಕಿ.ಮೀ. ಅಂಥ ಹಲ್ಲುಗಳು ಒಗೆದ ಹಲಗೆಯನ್ನು ತಪ್ಪಿಸಿಕೊಳ್ಳಲು ಮನುಷ್ಯನಿಗೆ ಸಮಯವೇ ಸಿಗುವುದಿಲ್ಲ. ಸೀಳು ಮುಚ್ಚಿಕೊಂಡು ಬ್ಲೇಡನ್ನು ಹಿಸುಕದಂತೆ, ಮರ ಹಿಂದಿನ ಹಲ್ಲುಗಳ ಮೇಲೆ ವಾಲದಂತೆ ತಡೆಯುವುದೇ ರೈವಿಂಗ್ ನೈಫಿನ ಕೆಲಸ. ಮಿಕ್ಕ ಎಲ್ಲದರಲ್ಲೂ ನಾನು ಇದ್ದುದರಲ್ಲೇ ಸುಧಾರಿಸಿಕೊಳ್ಳುತ್ತೇನೆ, ಇದರಲ್ಲಿ ಇಲ್ಲ. ಅದನ್ನು ಕಳಚಿಟ್ಟು ಕೊಯ್ಯುವ ವಿಡಿಯೋಗಳು ಬೇಕಾದಷ್ಟಿವೆ, ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಸ್ಟೀಫನ್ ಗ್ಯಾಸ್ ಎಂಬುವರು 1999ರಲ್ಲಿ ಕಂಡುಹಿಡಿದ ವ್ಯವಸ್ಥೆಯಲ್ಲಿ ಬೆರಳು ತಾಗಿದ ಕೂಡಲೇ, 5 ಮಿಲಿಸೆಕೆಂಡಿನೊಳಗೆ ಬ್ಲೇಡು ನಿಲ್ಲುತ್ತದೆ. ನನ್ನ ಸಾನಲ್ಲಿ ಅದಿಲ್ಲ. ಹಾಗಾಗಿ ಬ್ಲೇಡಿನ ನೇರಕ್ಕೆ ನಿಲ್ಲದೆ ಒಂದು ಪಕ್ಕಕ್ಕೆ ನಿಲ್ಲುತ್ತೇನೆ. ಸಪೂರ ಪಟ್ಟಿ ಸೀಳುವಾಗ ಕಡ್ಡಿಯಂಥ ಪುಷ್ ಸ್ಟಿಕ್ ಬಿಟ್ಟು, ಮರವನ್ನು ಮೇಲಿನಿಂದಲೂ ಅದುಮುವ ಅಗಲದ ಪುಷ್ ಬ್ಲಾಕ್ ಹಿಡಿಯುತ್ತೇನೆ. ಅದೂ ಪ್ಲೈವುಡ್ ಚೂರಿನದೇ, ಹಿಂದೆ ಒಂದು ಹಿಮ್ಮಡಿ ಇರುವಂಥದ್ದು.

ಅಡ್ಡ ಕೊಯ್ತಕ್ಕೆ ಜೊತೆಗೆ ಬಂದ ಮೈಟರ್ ಗೇಜನ್ನು ನಾನು ಮುಟ್ಟುವುದೇ ಇಲ್ಲ. ಗಾಡಿಯಲ್ಲಿ ಅದು ಎಷ್ಟು ಆಡುತ್ತದೆಂದರೆ 90 ಡಿಗ್ರಿಗೆ ಇಟ್ಟು ನೂಕಿದರೆ ಪ್ರತಿ ತುಂಡೂ ಬೇರೆ ಬೇರೆ ಮೂಲೆಯಾಗಿ ಬರುತ್ತದೆ. ಅದರ ಬದಲು ಸ್ಲೆಡ್, ಅಂದರೆ ಮರವನ್ನು ಮೇಲಿಟ್ಟು ಒಟ್ಟಿಗೇ ನೂಕುವ ಜಾರುಹಲಗೆ, ಮಾಡಿಕೊಂಡಿದ್ದೇನೆ. 12 ಮಿ.ಮೀ. ಪ್ಲೈವುಡ್ಡಿನ ತಳ, ಕೆಳಗೆ ಗಾಡಿಯಲ್ಲಿ ಜಾರುವ ಎರಡು ಗಟ್ಟಿಮರದ ಪಟ್ಟಿಗಳು, ಮೇಲೆ ಹಿಂದೊಂದು ಮುಂದೊಂದು ಅಡ್ಡ ಹಲಗೆ. ಅಗ್ಗದ ಸಾಗಳಲ್ಲಿ ಗಾಡಿಯ ಅಗಲ ಎಲ್ಲ ಕಡೆ ಒಂದೇ ಇರುತ್ತದೆಂಬ ಖಾತ್ರಿಯಿಲ್ಲ, 3/4 ಇಂಚಿನ ಸಾಮಾನ್ಯ ಅಳತೆಯೂ ಇಲ್ಲದಿರಬಹುದು. ಎರಡು ಮೂರು ಕಡೆ ಅಳೆದು, ಅತಿ ಇಕ್ಕಟ್ಟಾದ ಜಾಗಕ್ಕೆ ಸರಿಯಾಗಿ ಪಟ್ಟಿ ಕೀಸಬೇಕು. ತಳ ತುಂಬ ಉದ್ದ ಮಾಡಬಾರದು. ಸಣ್ಣ ಸಾನಲ್ಲಿ ಬ್ಲೇಡಿನ ಮುಂದೆ ಮೇಜು ಇರುವುದೇ ಸ್ವಲ್ಪ, ಉದ್ದದ ಸ್ಲೆಡ್ ಕೊಯ್ಯುವ ಮೊದಲೇ ಕೈಯ ಕಡೆಗೆ ಬಾಗುತ್ತದೆ. ನನ್ನದರ ತಳ ಮುಂದಿನಿಂದ ಹಿಂದಕ್ಕೆ 350 ಮಿ.ಮೀ., ಮನೆಕೆಲಸದ ಹೆಚ್ಚಿನ ತುಂಡುಗಳಿಗೆ ಅದು ಸಾಕು. ಬ್ಲೇಡು ಹೊರಬರುವ ಜಾಗದಲ್ಲಿ, ಅಡ್ಡ ಹಲಗೆಯ ಹಿಂದೆ, ಒಂದು ದಪ್ಪ ಮರದ ಗಟ್ಟಿ ಅಂಟಿಸಿದ್ದೇನೆ. ಹೆಬ್ಬೆರಳು ಅಲ್ಲಿಗೆ ಹೋಗದಿರಲಿ ಎಂದು.

ಮರ ಒರಗುವ ಅಡ್ಡ ಹಲಗೆ ಬ್ಲೇಡಿಗೆ ನಿಜವಾಗಿ 90 ಡಿಗ್ರಿ ಇದೆಯೇ ಎಂದು ಮೂಲೆಮಟ್ಟ ಹಿಡಿದು ನೋಡಿದರೆ ಸಾಲದು. ಐದು ಕೊಯ್ತದ ಪರೀಕ್ಷೆ ಅದಕ್ಕಿಂತ ಎಷ್ಟೋ ಸೂಕ್ಷ್ಮ. ಒಂದು ಚೌಕ ಪ್ಲೈವುಡ್ ತುಂಡು ತೆಗೆದುಕೊಂಡು ಒಂದು ಅಂಚು ಕೊಯ್ಯಿರಿ. ಈಗ ಕೊಯ್ದ ಅಂಚನ್ನು ಅಡ್ಡ ಹಲಗೆಗೆ ತಿರುಗಿಸಿ ಮುಂದಿನ ಅಂಚು ಕೊಯ್ಯಿರಿ. ಹೀಗೆ ನಾಲ್ಕೂ ಅಂಚು ಮುಗಿಸಿ, ಐದನೆಯದಾಗಿ ಮೊದಲಿನ ಅಂಚಿನಿಂದ ಒಂದು ಸಪೂರ ಪಟ್ಟಿ ತೆಗೆಯಿರಿ. ಪ್ರತಿ ತಿರುವಿನಲ್ಲೂ ತಪ್ಪು ಒಂದರ ಮೇಲೊಂದು ಸೇರಿ ಆ ಪಟ್ಟಿಯಲ್ಲಿ ನಾಲ್ಕು ಪಟ್ಟಾಗಿ ಕಾಣುತ್ತದೆ. ಪಟ್ಟಿ 300 ಮಿ.ಮೀ. ಉದ್ದ ಇದೆ, ಎರಡು ತುದಿಗಳ ಅಗಲದಲ್ಲಿ 0.4 ಮಿ.ಮೀ. ವ್ಯತ್ಯಾಸ ಬಂತು ಅನ್ನಿ. ನಾಲ್ಕರಿಂದ ಭಾಗಿಸಿದರೆ 300 ಮಿ.ಮೀ.ಗೆ 0.1 ಮಿ.ಮೀ. ತಪ್ಪು. ಅಡ್ಡ ಹಲಗೆಯ ಒಂದು ತುದಿಯ ಸ್ಕ್ರೂ ಹಾಗೇ ಬಿಟ್ಟು, ಅದರಿಂದ 300 ಮಿ.ಮೀ. ದೂರದಲ್ಲಿ 0.1 ಮಿ.ಮೀ. ದಪ್ಪದ ತಗಡು (ಫೀಲರ್ ಗೇಜ್ ಪಟ್ಟಿ) ಇಟ್ಟು ಅಷ್ಟೇ ಸರಿಸಿ ಮತ್ತೆ ಸ್ಕ್ರೂ ಹಾಕುವುದು. ಪಟ್ಟಿಯ ಅಗಲ ಅಳೆಯಲು ವರ್ನಿಯರ್ ಕ್ಯಾಲಿಪರ್ ಒಂದಿದ್ದರೆ ಸಾಕು. ಹೀಗೆ ಕೂರಿಸಿದ ಸ್ಲೆಡ್ಡಿನಲ್ಲಿ ಕೊಯ್ದ ಡ್ರಾಯರ್ ತುಂಡುಗಳನ್ನು ಜೋಡಿಸಿದಾಗ ಮೂಲೆಯಿಂದ ಮೂಲೆಗೆ ಅಳತೆ ಎರಡೂ ಕಡೆ ಒಂದೇ ಬಂತು. ಅಂಟು ಹಾಕುವ ಮೊದಲು ಮನೆಯವರನ್ನೆಲ್ಲ ಕರೆದು ತೋರಿಸಿದ್ದೇನೆ.

8×4 ಅಡಿಯ ಪೂರಾ ಶೀಟನ್ನು ಈ ಸಾ ಮೇಲೆ ಎತ್ತಬಾರದು. ಭಾರಕ್ಕೆ ಸಾ ಸಮೇತ ವಾಲುತ್ತದೆ, ಶೀಟನ್ನು ಫೆನ್ಸಿಗೆ ಒತ್ತಿ ಹಿಡಿಯಲೂ ಒಬ್ಬರಿಂದ ಆಗುವುದಿಲ್ಲ. ನೆಲದ ಮೇಲೆ ದಪ್ಪ ಥರ್ಮಾಕೋಲ್ ಹಾಸಿ, ಅದರ ಮೇಲೆ ಶೀಟು ಮಲಗಿಸಿ, ಕೈ ಸರ್ಕ್ಯುಲರ್ ಸಾನಲ್ಲಿ ಐದಾರು ಮಿ.ಮೀ. ಹೆಚ್ಚಿಗೆ ಬಿಟ್ಟು ತುಂಡು ಮಾಡಿಕೊಳ್ಳುತ್ತೇನೆ. ನಿಖರ ಅಳತೆಗೆ ತರುವುದಷ್ಟೇ ಟೇಬಲ್ ಸಾನ ಪಾಲು. ಆಗ ಕಾರ್ಖಾನೆಯಿಂದ ಬಂದ ನೇರ ಅಂಚು ಫೆನ್ಸಿನ ಕಡೆ ಇರಬೇಕು. ಸೊಟ್ಟಗಾದ ಹಲಗೆಯನ್ನು ಹಾಗೇ ತಂದು ಫೆನ್ಸಿಗೆ ಇಡುವ ಮಾತೇ ಇಲ್ಲ. ಒಂದು ಮುಖ ಚಪ್ಪಟೆ, ಒಂದು ಅಂಚು ನೇರ ಮಾಡಿಕೊಂಡೇ ತರುವುದು.

ಉದ್ದದ ಹಲಗೆ ಹಿಂದೆ ಹೋಗಿ ಬೀಳದಂತೆ ಆಸರೆ ಬೇಕು. ರೋಲರ್ ಸ್ಟ್ಯಾಂಡ್ ನನಗೆ ಹಿಡಿಸಲಿಲ್ಲ: ರೋಲರ್ ಒಂಚೂರು ಓರೆಯಾಗಿದ್ದರೂ ಹಲಗೆಯನ್ನು ಫೆನ್ಸಿನಿಂದ ಆಚೆಗೆ ಎಳೆಯುತ್ತದೆ. ಸನ್ಮೈಕಾ ಅಂಟಿಸಿದ ಒಂದು ಹಲಗೆಗೆ ಕಾಲು ಕೊಟ್ಟು, ಸಾನ ಮೇಜಿಗಿಂತ 2 ಮಿ.ಮೀ. ತಗ್ಗಿನಲ್ಲಿ ಹಿಂದೆ ನಿಲ್ಲಿಸಿದ್ದೇನೆ. ಒಂದೇ ಮಟ್ಟ ಮಾಡಲು ಹೋದರೆ ಹಲಗೆಯ ಮೂತಿ ಅಂಚಿಗೆ ತಾಗಿ ನಿಲ್ಲುತ್ತದೆ. ಸಾ ಕೂಡ ಒಂದು ಭಾರದ ಪ್ಲೈವುಡ್ ಪೀಠಕ್ಕೆ ಬೋಲ್ಟ್ ಆಗಿದೆ, ಈಗ ನೂಕಿದರೆ ಕದಲುವುದಿಲ್ಲ.

ಬ್ಲೇಡಿನ ಸುತ್ತಲಿನ ತಗಡಿನಲ್ಲಿ ಬಿರುಕು ಅಗಲ ಇರುವುದರಿಂದ ಪ್ಲೈವುಡ್ಡಿನ ಕೆಳಮುಖದಲ್ಲಿ ಸಿಬಿರು ಏಳುತ್ತದೆ. ಆ ತಗಡು ಕೂರುವ ಗುಂಡಿ ಆಳವಿಲ್ಲ, ದಪ್ಪ ಮರದ ತುಂಡು ಅದರಲ್ಲಿ ಕೂರುವುದಿಲ್ಲ. ನಾನು ಮಾಡುವುದು ಇಷ್ಟು: ಬ್ಲೇಡು ಕೆಳಗಿಳಿಸಿ, ಮೇಜಿನ ಮೇಲೆ 4 ಮಿ.ಮೀ. ಪ್ಲೈವುಡ್ ಹಾಳೆಯನ್ನು ಎರಡು ಮುಖದ ಟೇಪಿನಿಂದ ಅಂಟಿಸಿ, ಅಂಚುಗಳಿಗೆ ಕ್ಲ್ಯಾಂಪ್ ಹಾಕಿ, ರೈವಿಂಗ್ ನೈಫಿಗೆ ಮೊದಲೇ ಗಾಡಿ ಕೊರೆದಿಟ್ಟು, ಸಾ ಚಾಲೂ ಮಾಡಿ ಬ್ಲೇಡನ್ನು ಮೆಲ್ಲಗೆ ಮೇಲೆತ್ತುವುದು. ಬ್ಲೇಡು ತನ್ನ ದಪ್ಪದಷ್ಟೇ ದಾರಿ ಮಾಡಿಕೊಂಡು ಬರುತ್ತದೆ. ವಿನೀರ್ ಹಾಕಿದ ಪ್ಲೈವುಡ್ ಕೂಡ ಕೆಳಗಿನ ಅಂಚಿನಲ್ಲಿ ಒಂದು ಎಳೆ ಏಳದೆ ಬರುತ್ತದೆ. ಅಲ್ಯೂಮಿನಿಯಂ ಮೇಜಿಗೆ ಆಗಾಗ ಪೇಸ್ಟ್ ವ್ಯಾಕ್ಸ್ ತಿಕ್ಕುತ್ತೇನೆ, ಸಿಲಿಕೋನ್ ಸ್ಪ್ರೇ ಬೇಡ. ಅದು ಮರಕ್ಕೆ ಹತ್ತಿದರೆ ಆಮೇಲೆ ಪಾಲಿಶ್ ಹಿಡಿಯುವುದಿಲ್ಲ.

ಸದ್ದಿನ ವಿಷಯವನ್ನು ಹಗುರವಾಗಿ ನೋಡಬೇಡಿ. ಕೆಲಸದ ಜಾಗದ ಆರೋಗ್ಯ, ಸುರಕ್ಷತೆ ನೋಡುವ ಅಮೆರಿಕದ ನಿಯೋಷ್ ಸಂಸ್ಥೆಯ ಮಿತಿ 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬಲ್ ಏರಿದಂತೆ ಸಮಯ ಅರ್ಧವಾಗುತ್ತಾ 100 ಡೆಸಿಬಲ್‌ಗೆ 15 ನಿಮಿಷಕ್ಕೆ ಬರುತ್ತದೆ. ಇಂಥ ಸಾಗಳು ಸುಮಾರು ಆ ಮಟ್ಟದಲ್ಲೇ ಕಿರುಚುತ್ತವೆ. ಕಿವಿಗೆ ಇಯರ್‌ಮಫ್, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಹಾಕಿದ ಮೇಲೇ ಸ್ವಿಚ್. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಧೂಳು ಎಲ್ಲಕ್ಕಿಂತ ನುಣುಪು, ಅದನ್ನು ಬಯಲಿನಲ್ಲಿ ಮಾತ್ರ ಕೊಯ್ಯುತ್ತೇನೆ. ಎಕ್ಸ್‌ಟೆನ್ಷನ್ ವೈರು ದಪ್ಪದ್ದಿರಲಿ, ಗಿಡ್ಡದಿರಲಿ. ಸಪೂರ ಉದ್ದ ವೈರಿನಲ್ಲಿ ವೋಲ್ಟೇಜ್ ಬಿದ್ದು ಮೋಟಾರ್ ಬಿಸಿಯಾಗುತ್ತದೆ.

ಕೊನೆಯದಾಗಿ ಫೋಟೋ ಫ್ರೇಮ್. ಅಗ್ಗದ ಸಾನಲ್ಲಿ 45 ಡಿಗ್ರಿ ಸರಿಯಾಗಿ ಸಿಗುವುದಿಲ್ಲ ಎಂದು ಕೈಬಿಟ್ಟವರಿಗೆ ಇದು. 45 ಅನ್ನು ನೇರವಾಗಿ ಹಿಡಿಯಲು ಒದ್ದಾಡಬೇಡಿ. ಒಂದು ಸ್ಲೆಡ್ ಮೇಲೆ ಎರಡು ಪಟ್ಟಿಗಳನ್ನು ಬಾಣದ ತುದಿಯಂತೆ ಜೋಡಿಸಿ, ಅವೆರಡರ ನಡುವಿನ ಕೋನ ಮಾತ್ರ ಕರಾರುವಾಕ್ಕಾಗಿ 90 ಇರಲಿ. ಅದನ್ನು ಮೂಲೆಮಟ್ಟದಲ್ಲಿ ನೋಡುವುದು ಸುಲಭ. ಬ್ಲೇಡು ನಡುವಿನಿಂದ ಸ್ವಲ್ಪ ಓರೆ ಹೋಗಿ ಒಂದು ಕಡೆ 44.8, ಇನ್ನೊಂದು ಕಡೆ 45.2 ಬಂದರೂ ಎರಡೂ ಸೇರಿದರೆ 90ಕ್ಕೆ ಕೂಡುತ್ತದೆ, ಮೂಲೆ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಪ್ರತಿ ಪಟ್ಟಿಯ ಒಂದು ತುದಿಯನ್ನು ಎಡಗಡೆಯಲ್ಲಿ, ಇನ್ನೊಂದನ್ನು ಬಲಗಡೆಯಲ್ಲಿ ಕೊಯ್ಯಬೇಕು. ಎದುರುಬದುರು ಪಟ್ಟಿಗಳ ಉದ್ದ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗದಂತೆ ಒಂದು ಮರದ ತುಂಡನ್ನು ತಡೆಯಾಗಿ ಕ್ಲ್ಯಾಂಪ್ ಮಾಡಿಕೊಳ್ಳಬೇಕು. ಕೊಯ್ದ ಕೂಡಲೇ ಪೆನ್ಸಿಲ್‌ನಲ್ಲಿ ‘ಎ’, ‘ಬ’ ಎಂದು ಹಿಂಬದಿಯಲ್ಲಿ ಬರೆದಿಡಿ. ಜೋಡಿಸುವಾಗ ‘ಎ’ ತುದಿಗೆ ‘ಬ’ ತುದಿಯೇ ಬರಬೇಕು.