ರಾತ್ರಿಗೆ ಇನ್ನೊಬ್ಬರು ಬೇಕು

ಊರಿನಿಂದ ಫೋನ್ ಮಾಡಿದವರೆಲ್ಲ ಮೊದಲು ಕೇಳಿದ್ದು ಒಂದೇ ಮಾತು: "ಅಲ್ಲಿ ಬಾಣಂತನ ಯಾರು ಮಾಡ್ತಾರೆ?" ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ ನಾವಿಬ್ಬರೇ ಇರುವುದು. ಅಪ್ಪನಿಗೆ ಹುಷಾರಿಲ್ಲದ್ದರಿಂದ ಅಮ್ಮ ಉಡುಪಿ ಬಿಟ್ಟು ಬರುವ ಹಾಗಿರಲಿಲ್ಲ. ಅತ್ತೆ ತೀರಿಕೊಂಡು ಸುಮಾರು ವರ್ಷ ಆಯ್ತು. ಫೋನಿನಲ್ಲಿ ಆಗ ಸರಿಯಾಗಿ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಇಲ್ಲಿ ಹೆರಿಗೆಯಾದ ಮೇಲೆ ಆರೈಕೆಗೆ ಒಬ್ಬರು ಮನೆಗೇ ಬರುತ್ತಾರೆ. ಈ ವ್ಯವಸ್ಥೆಗೆ ಕ್ರಾಮ್‌ಝೋರ್ಖ್ ಅಂತ ಹೆಸರು. ಸಾಮಾನ್ಯವಾಗಿ ಎಂಟು ದಿನ, ಜಾಸ್ತಿ ಅಂದರೆ ಹತ್ತು ದಿನ. ಹೆಚ್ಚಿನ ಖರ್ಚು ಆರೋಗ್ಯ ವಿಮೆಯಲ್ಲೇ ಹೋಗುತ್ತದೆ. ನಮ್ಮ ಮನೆಗೆ ಬಂದವರು ಮಗುವಿನ ಜ್ವರ, ತೂಕ ನೋಡಿದರು, ಬಕೆಟಿನಂಥ ಪುಟ್ಟ ತೊಟ್ಟಿಯಲ್ಲಿ ಮೀಯಿಸುವುದನ್ನು ಕಲಿಸಿದರು, ನನ್ನ ಹೊಲಿಗೆ ನೋಡಿದರು. ಬಚ್ಚಲು ತೊಳೆದರು. ಮಗು ನೋಡಲು ಬಂದ ಗೆಳೆಯರನ್ನು ಅರ್ಧ ಗಂಟೆಗೆ ಎಬ್ಬಿಸಿ ಕಳಿಸಿದರು. ಅದಕ್ಕಿಂತ ಹೆಚ್ಚಾಗಿ, ದಿನಾ ಬಂದ ಕೂಡಲೇ "ನೀವು ಎಷ್ಟು ಹೊತ್ತು ಮಲಗಿದಿರಿ?" ಅಂತ ಕೇಳಿ ಪುಸ್ತಕದಲ್ಲಿ ಬರೆದುಕೊಂಡರು. ಮಗುವಿನ ತೂಕ ಬರೆದ ಪುಟದಲ್ಲೇ ನನ್ನ ನಿದ್ದೆಗೂ ಜಾಗ ಇತ್ತು. ನನಗೆ ಅಳು ಬಂತು.

ನಮ್ಮ ಕಡೆ ಅಮೆ ಅಂತ ಹತ್ತು ದಿನ ಬಾಣಂತಿಯನ್ನು ಅಡುಗೆಮನೆಗೆ ಬಿಡುತ್ತಿರಲಿಲ್ಲ ಅಲ್ವಾ? ಅದರ ಮೈಲಿಗೆಯ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಆ ಹತ್ತು ದಿನ ಅವಳಿಂದ ಯಾರೂ ಕೆಲಸ ಕೇಳುತ್ತಿರಲಿಲ್ಲ ಅನ್ನುವುದು ದೊಡ್ಡ ಸಂಗತಿಯೇ.

ಕ್ರಾಮ್‌ಝೋರ್ಖ್‌ನವರು ಸಂಜೆಯೊಳಗೆ ಹೊರಡುತ್ತಾರೆ. ಕಷ್ಟ ಇರುವುದು ರಾತ್ರಿಯಲ್ಲಿ. ಇಲ್ಲಿ ಡಿಸೆಂಬರ್‌ನಲ್ಲಿ ಬೆಳಗಾಗುವುದು ಎಂಟೂಮುಕ್ಕಾಲಿನ ಹೊತ್ತಿಗೆ. ಹಸುಗೂಸು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತದೆ. ಕುಡಿಸಿ, ತೇಗು ಬರಿಸಿ, ಡಯಾಪರ್ ಬದಲಿಸಿ ಮಲಗಿಸುವಷ್ಟರಲ್ಲಿ ಒಂದು ಗಂಟೆ ಕಳೆದಿರುತ್ತದೆ. ಉಳಿದ ಹೊತ್ತಿನಲ್ಲಿ ಮಲಗಬಹುದಲ್ಲ ಅಂತ ನಿಮಗೆ ಅನ್ನಿಸುತ್ತದೆ. ನಾನು ಮಲಗುತ್ತಿರಲಿಲ್ಲ. ಮಗುವಿನ ಉಸಿರು ನೋಡುತ್ತಾ ಕೂತಿರುತ್ತಿದ್ದೆ.

ಎಳೆ ಮಗುವಿನ ಉಸಿರಾಟವನ್ನು ಹತ್ತಿರದಿಂದ ನೋಡಿದ್ದೀರಾ? ನಾಲ್ಕೈದು ಸಲ ಬೇಗ ಬೇಗ ಎಳೆದುಕೊಳ್ಳುತ್ತದೆ. ಆಮೇಲೆ ನಿಂತೇ ಬಿಡುತ್ತದೆ. ಎದೆ ಏಳುವುದಿಲ್ಲ, ಹೊಟ್ಟೆ ಅಲ್ಲಾಡುವುದಿಲ್ಲ. ನಾನು ಬೆರಳು ಮೂಗಿನ ಹತ್ತಿರ ಹಿಡಿದು ಎಣಿಸುತ್ತಿದ್ದೆ. ಒಂದು, ಎರಡು, ಮೂರು... ಏಳು. ಮತ್ತೆ ಒಂದು ನಿಟ್ಟುಸಿರು, ಪುನಃ ಶುರು. ನಿದ್ದೆಯಲ್ಲಿ ಹತ್ತು ಸೆಕೆಂಡಿನ ಒಳಗೆ ಹೀಗೆ ನಿಂತು ಹೋಗುವುದು ಹಸುಗೂಸುಗಳಲ್ಲಿ ಸಹಜ. ತುಟಿ, ನಾಲಿಗೆ ನೀಲಿಯಾದರೆ, ಇಪ್ಪತ್ತು ಸೆಕೆಂಡ್ ಉಸಿರೇ ಇಲ್ಲದಿದ್ದರೆ ತಕ್ಷಣ ಆಸ್ಪತ್ರೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಬೆರಳು ಹಿಂದೆ ಬರುತ್ತಿರಲಿಲ್ಲ.

ಇಲ್ಲಿ ರಾತ್ರಿ ಎರಡು ಗಂಟೆ ಅಂದರೆ ಚಳಿಗಾಲದಲ್ಲಿ ಊರಲ್ಲಿ ಬೆಳಿಗ್ಗೆ ಆರೂವರೆ. ಅಮ್ಮ ಅಂಬಲಪಾಡಿಯ ಮನೆಯಲ್ಲಿ ಅಂಗಳ ಗುಡಿಸಿ ಕಾಫಿಗೆ ಇಟ್ಟಿರುತ್ತಿದ್ದರು. ಒಂದು ರಾತ್ರಿ ವಿಡಿಯೋ ಕರೆಯಲ್ಲಿ ನನ್ನ ಮುಖ ನೋಡಿ ಅಂದರು, "ಫೋನನ್ನು ತೊಟ್ಟಿಲಿನ ಹತ್ತಿರ ಇಡು. ನೀನು ಕಣ್ಣು ಮುಚ್ಚು ಮಾರಾಯ್ತಿ. ನಾನು ನೋಡ್ತಾ ಇರ್ತೇನೆ. ಎಂತದಾದ್ರೂ ಆದ್ರೆ ಕೂಗ್ತೇನೆ." ನಾನು ಪಕ್ಕದ ಮಂಚದಲ್ಲಿ ಮಲಗಿದೆ. ನಿಜವಾಗಿಯೂ ನಿದ್ದೆ ಬಂತು! ಆಮೇಲೆ ಅದೇ ರೂಢಿಯಾಯಿತು. ಅಲ್ಲಿ ಅಮ್ಮ ತೆಂಗಿನಕಾಯಿ ತುರಿಯುವ ಸದ್ದು, ಇಲ್ಲಿ ನನ್ನ ನಿದ್ದೆ.

ಅಪ್ಪಂದಿರಿಗೆ ಇಲ್ಲಿ ಒಂದು ವಾರ ಪೂರ್ತಿ ಸಂಬಳದ ರಜೆ ಇದೆ. 2020ರಿಂದ ಅದರ ಮೇಲೆ ಐದು ವಾರ, ಸಂಬಳದ ನೂರಕ್ಕೆ 70ರಷ್ಟು ಕೊಟ್ಟು. ನನ್ನ ಗಂಡ ಅಷ್ಟನ್ನೂ ತೆಗೆದುಕೊಂಡರು. ಅದು ಮುಗಿದು ಅವರು ಆಫೀಸಿಗೆ ಹೊರಟ ಹೊತ್ತಿಗೇ ಅಳು ಹೆಚ್ಚಾಯಿತು. ಮಕ್ಕಳ ಅಳು ಜೋರಾಗುವುದು ಆರನೇ ವಾರದ ಆಸುಪಾಸಿನಲ್ಲೇ ಅಂತೆ. ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ನಮ್ಮ ಮಗುವೂ ಹಾಗೇ ಮಾಡಿತು.

ಇನ್ನೊಂದು ವಿಷಯ ಹೇಳಲೇಬೇಕು. ಇಲ್ಲಿಯ ಮನೆಗಳ ಮೆಟ್ಟಿಲು ತುಂಬಾ ಕಡಿದು. ಮಗು ಎತ್ತಿಕೊಂಡು ಇಳಿಯುವಾಗ ಅದು ನನ್ನ ಕೈಯಿಂದ ಬೀಳುವ ಚಿತ್ರ ಸುಮ್ನೆ ಕಣ್ಣೆದುರು ಬರುತ್ತಿತ್ತು. ದಿನಕ್ಕೆ ಎಷ್ಟೋ ಸಲ. ಕೊನೆಗೆ ಸೂಲಗಿತ್ತಿಯ ಹತ್ತಿರ ಹೇಳಿದೆ. ಇಂಥ ಯೋಚನೆ ಹೊಸ ತಾಯಂದಿರಲ್ಲಿ ತುಂಬಾ ಜನರಿಗೆ ಬರುತ್ತದೆ, ಬಂತು ಅಂದ ಮಾತ್ರಕ್ಕೆ ನೀವು ಹಾಗೆ ಮಾಡುತ್ತೀರಿ ಅಂತಲ್ಲ ಅಂದರು. ಹೆರಿಗೆಯ ನಂತರದ ಮೊದಲ ದಿನಗಳ ಅಳು, ಬೇಸರ ತಾನಾಗಿ ಹೋಗುತ್ತದೆ. ಎರಡು ವಾರ ಕಳೆದರೂ ಹೋಗದಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ ಡಾಕ್ಟರಿಗೆ ಹೇಳಬೇಕು. ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳಬೇಕು ಅನ್ನಿಸಿದರೆ ಒಂದು ದಿನವೂ ಕಾಯಬಾರದು. ಊರಲ್ಲಾದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಾಲ್ಕು ತಿಂಗಳಾದ ಮೇಲೆ ಮಗುವನ್ನು ಕರೆದುಕೊಂಡು ಊರಿಗೆ ಹೋದೆವು. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದಾಗ ಇನ್ನು ನಿಶ್ಚಿಂತೆ ಅಂದುಕೊಂಡೆ. ನಮ್ಮ ದೊಡ್ಡಮ್ಮನ ಮಗಳಿಗೂ ಆಗಷ್ಟೇ ಹೆರಿಗೆಯಾಗಿತ್ತು. ಬ್ರಹ್ಮಗಿರಿಯ ಅವರ ಮನೆ ತುಂಬಾ ಜನ. ಬೆಳಿಗ್ಗೆ ಮೀಯಿಸಲು ಒಬ್ಬರು ಬರುತ್ತಾರೆ, ಮೆಂತೆ ಗಂಜಿ, ಲೇಹ ಎಲ್ಲ ಹೊತ್ತಿಗೆ ಸರಿಯಾಗಿ. ಬಂದವರು ಒಬ್ಬೊಬ್ಬರಾಗಿ ಕೇಳುತ್ತಾರೆ, "ಹಾಲು ಸಾಕಾಗ್ತದಾ? ಮಗು ಸಪುರ ಕಾಣ್ತದಲ್ಲ." ಅಕ್ಕ ನನ್ನನ್ನು ಕೋಣೆಗೆ ಕರೆದು ಹೇಳಿದಳು, "ಹಗಲು ಎಲ್ಲರೂ ಇದ್ದಾರೆ. ರಾತ್ರಿ ನಾನೊಬ್ಬಳೇ. ಮಗು ಮಲಗಿದ್ರೂ ನಂಗೆ ನಿದ್ದೆ ಬರುದಿಲ್ಲ." ಭಾವ ಕುವೈತ್‌ನಲ್ಲಿ.

ಮೊದಲ ವಾರ ದಾಟಿದ ಮಗು ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಮೂತ್ರ ಮಾಡಿ, ತೂಕವೂ ಏರುತ್ತಿದ್ದರೆ ಹಾಲು ಸಾಕಾಗಿದೆ ಅಂತಲೇ ಅರ್ಥ. ದಯವಿಟ್ಟು ಬಾಣಂತಿಯನ್ನು ಮತ್ತೆ ಮತ್ತೆ ಕೇಳಬೇಡಿ. ಅವಳು ಅದನ್ನೇ ರಾತ್ರಿಯೆಲ್ಲ ತಲೆಯಲ್ಲಿ ತಿರುಗಿಸುತ್ತಿರುತ್ತಾಳೆ.

ದೊಡ್ಡಮ್ಮನ ಹತ್ತಿರ ನಾನೇ ಮಾತಾಡಿದೆ. "ನಾವೆಲ್ಲ ಹೀಗೇ ಸಾಕಿದ್ದಲ್ವಾ?" ಅಂದರು ಮೊದಲು. ಸ್ವಲ್ಪ ಹೊತ್ತು ಬಿಟ್ಟು, "ನಂಗೆ ಆಗ ಅಜ್ಜಿ ಇದ್ರು, ರಾತ್ರಿ ಮಗು ಅವರ ಹತ್ತಿರವೇ ಇರ್ತಿತ್ತು" ಅಂದರು. ಆ ವಾರವೇ ಅಕ್ಕನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದೂ ಅವರೇ. ಈಗ ರಾತ್ರಿ ಹತ್ತರಿಂದ ಎರಡರವರೆಗೆ ತೊಟ್ಟಿಲು ಅವರ ಕೋಣೆಯಲ್ಲಿ ಇರುತ್ತದೆ. ಅಕ್ಕ ಹಿಂಡಿಟ್ಟ ಹಾಲನ್ನು ಒಳಲೆಯಲ್ಲಿ ಕುಡಿಸುತ್ತಾರೆ. ಭಾವ ಮುಂದಿನ ತಿಂಗಳು ರಜೆಯಲ್ಲಿ ಬರುತ್ತಾರೆ. ಎರಡು ಗಂಟೆಯ ನಂತರದ ಪಾಳಿ ನಿಮ್ಮದು ಅಂತ ಅಕ್ಕ ಅವರಿಗೆ ಈಗಲೇ ಹೇಳಿಟ್ಟಿದ್ದಾಳೆ.