ಮೃಗಶಿರ ಮಳೆಗೆ ಫೈಕಸ್ ಕುಂಡ ಬದಲಿ

2024 ಜೂನ್ 9, ಭಾನುವಾರ, ಬೆಂಗಳೂರು

ಮೃಗಶಿರ ಮಳೆ ಹಿಡಿದಿದೆ. ರಾತ್ರಿಯೂ 20 ಡಿಗ್ರಿ ಆಸುಪಾಸು, ಗಾಳಿಯಲ್ಲಿ ತೇವ. ಮನೆಯೊಳಗಿನ ಫೈಕಸ್ ಬೋನ್ಸಾಯ್‌ಗಳ ಕುಂಡ ಬದಲಿಸಲು ಹೇಳಿ ಮಾಡಿಸಿದ ಹೊತ್ತು. ಆಲ, ಅರಳಿ, ಅತ್ತಿಗಳ ಕುಲದ ಗಿಡವಾದ್ದರಿಂದ ಬೆಚ್ಚಗಿದ್ದಾಗ ಬೇರು ಬೇಗ ಒಡೆಯುತ್ತದೆ. ಇದೇ ಕೆಲಸ ಡಿಸೆಂಬರಿನಲ್ಲಿ ಮಾಡಿದರೆ ಗಿಡ ಬಹಳ ದಿನ ಸೊರಗಿ ಕೂರುತ್ತದೆ.

ವರ್ಷವರ್ಷ ಬದಲಿಸಬೇಕಿಲ್ಲ, 2–3 ವರ್ಷಕ್ಕೊಮ್ಮೆ ಸಾಕು. ಹಾಕಿದ ನೀರು ಮೇಲೆಯೇ ನಿಂತರೆ, ಬೇರು ಕುಂಡದ ಗೋಡೆಗುಂಟ ಸುತ್ತಿಕೊಂಡಿದ್ದರೆ ಸಮಯ ಬಂದಿದೆ ಎಂದೇ ಅರ್ಥ.

ಮಿಶ್ರಣ: ಇಟ್ಟಿಗೆ ಚೂರು 2 ಪಾಲು, ದಪ್ಪ ಮರಳು 1, ಎರೆಗೊಬ್ಬರ 1. ಚೂರು 3ರಿಂದ 6 ಮಿ.ಮೀ. ಇರಲಿ, ಜರಡಿಯಿಂದ ಕೆಳಗಿಳಿದ ಪುಡಿಯನ್ನು ಪೂರ್ತಿ ಎಸೆಯಬೇಕು. ಆ ಪುಡಿಯೇ ಸಂದುಗಳಿಗೆ ಇಳಿದು ಕೆಸರಾಗಿ ಬೇರಿನ ಉಸಿರು ಕಟ್ಟಿಸುವುದು. ಬೇರು ಕತ್ತರಿಸಲು ಹೆದರುವವರು ಬಹಳ. ಆದರೆ ಫೈಕಸ್ ಸಾಯುವುದು ಕತ್ತರಿಗಿಂತ ಹೆಚ್ಚಾಗಿ ಕೊಳೆತಕ್ಕೆ.

ಬಿದಿರುಕಡ್ಡಿಯಿಂದ ಬೇರು ಬಿಡಿಸುತ್ತ ಹೊರಗಿನಿಂದ ಒಳಕ್ಕೆ ಬನ್ನಿ. ಕಾಂಡದ ಬುಡದಡಿ ನರ್ಸರಿಯ ಕೆಮ್ಮಣ್ಣೋ ಕೋಕೋಪೀಟೋ (ತೆಂಗಿನ ನಾರಿನ ಪುಡಿ) ಮುದ್ದೆಯಾಗಿ ಉಳಿದಿರುತ್ತದೆ. ಸುತ್ತ ಹೊಸ ಮಣ್ಣು ತುಂಬಿ ಈ ಮುದ್ದೆಯನ್ನು ಹಾಗೇ ಬಿಟ್ಟರೆ ನೀರು ಪಕ್ಕದಿಂದ ಜಾರಿಹೋಗಿ ನಡುಭಾಗ ಒಣಗುತ್ತದೆ, ಇಲ್ಲವೇ ಸದಾ ಒದ್ದೆಯಾಗಿದ್ದು ಕೊಳೆಯುತ್ತದೆ. ಗಿಡ ಗಟ್ಟಿಯಾಗಿದ್ದರೆ ಈಗಲೇ ತೆಗೆಯಿರಿ. ದುರ್ಬಲವಾಗಿದ್ದರೆ ಅರ್ಧ ಈ ಸಲ, ಅರ್ಧ ಮುಂದಿನ ಸಲ. ಬೇರಿನಲ್ಲಿ ಮೂರನೇ ಒಂದು ಪಾಲಿನವರೆಗೆ ಕತ್ತರಿಸಬಹುದು: ಮೊದಲು ಕೆಳಮುಖದ ದಪ್ಪ ಬೇರು, ಆಮೇಲೆ ಸುತ್ತಿಕೊಂಡವು. ಜಿನ್ಸೆಂಗ್ ಎಂದು ಮಾರುವ ಹೊಟ್ಟೆಬೇರಿನ ಗಿಡದಲ್ಲಿ ಮಾತ್ರ ಆ ದಪ್ಪ ಬೇರೇ ಅಂದ. ಅದನ್ನು ಮುಟ್ಟದೆ ಸಣ್ಣವನ್ನಷ್ಟೇ ಸವರಿ. ಗಾಯದಿಂದ ಸುರಿಯುವ ಹಾಲು ಕೆಲವರ ಚರ್ಮಕ್ಕೆ ಉರಿ ತರುತ್ತದೆ, ಕೈಗವಸು ಒಳ್ಳೆಯದು. ಒದ್ದೆ ಬಟ್ಟೆ ಒತ್ತಿದರೆ ಹಾಲು ನಿಲ್ಲುತ್ತದೆ.

ಕುಂಡದ ತೂತಿಗೆ ಬಲೆ ಹಾಕಿ, ಅದರಿಂದಲೇ ಅಲ್ಯುಮಿನಿಯಂ ತಂತಿ ಮೇಲೆ ತಂದು ಬೇರಿನ ಗಡ್ಡೆಯನ್ನು ಬಿಗಿದು ಕಟ್ಟಿ. ಗಿಡ ಅಲ್ಲಾಡಿದಷ್ಟೂ ಹೊಸ ಬೇರಿನ ತುದಿ ಹರಿಯುತ್ತಲೇ ಇರುತ್ತದೆ. ಕಡ್ಡಿಯಿಂದ ಮಣ್ಣು ಒಳಕ್ಕೆ ಇಳಿಸಿ, ತೂತಿನಿಂದ ತಿಳಿನೀರು ಬರುವವರೆಗೆ ನೀರುಣಿಸಿ. ಎರಡು ವಾರ ನೇರ ಬಿಸಿಲು ಬೇಡ, ಒಂದು ತಿಂಗಳು ಗೊಬ್ಬರ ಬೇಡ. ಒಂದಷ್ಟು ಹಳದಿ ಎಲೆ ಉದುರುವುದು ಸಹಜ. ಗಾಬರಿಬಿದ್ದು ನೀರು ಹೆಚ್ಚಿಸಿದರೆ ಕೆಟ್ಟಿತು.

ಮುಂದೆ ಮಳೆಗಾಲವಿಡೀ ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು. ಕಿಟಕಿಯ ಬೆಳಕು ಸಾಲದಿದ್ದರೆ ಕೊಂಬೆ ಉದ್ದುದ್ದ ಎಳೆಯುತ್ತದೆ, ಕತ್ತರಿ ಎಷ್ಟಾಡಿಸಿದರೂ ಒತ್ತಾಗದು. ಎಲೆ ಮಡಚಿಕೊಂಡಿದ್ದರೆ ಒಳಗೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ ಇರುತ್ತದೆ. ಮೇಲೆ ಸಿಂಪಡಿಸಿದ ಔಷಧಿ ಅದಕ್ಕೆ ತಾಗುವುದಿಲ್ಲ, ಎಲೆಯನ್ನೇ ಕಿತ್ತು ಹಾಕಬೇಕು. ಹಿಟ್ಟುತಿಗಣೆಗೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪು, ಸಂಜೆ ಹೊತ್ತು. ಡಿಸೆಂಬರಿನಲ್ಲಿ ನೀರು ಇನ್ನೂ ಕಡಿಮೆ ಮಾಡಿ, ಗೊಬ್ಬರ ನಿಲ್ಲಿಸಿ.