ಕರೆದವರು ಯಾರೆಂದು ಹೇಳದಿದ್ದಾಗ

ಎಥೀರಿಯಮ್ ಬ್ಲಾಕ್‌ಚೈನಿನ ಪ್ರೋಗ್ರಾಮಿಂಗ್ ಭಾಷೆಯಾದ ಸಾಲಿಡಿಟಿಯಲ್ಲಿ ನಾನೇ ಬರೆದ ಉಳಿತಾಯದ ಒಂದು ಸ್ಮಾರ್ಟ್ ಕಾಂಟ್ರ್ಯಾಕ್ಟಿನಲ್ಲಿ (ಬ್ಲಾಕ್‌ಚೈನಿನ ಮೇಲೆ ಓಡುವ ಪ್ರೋಗ್ರಾಮಿನಲ್ಲಿ), ಕರೆದವರ ಶಿಲ್ಕನ್ನಷ್ಟೇ ಹಿಂದಿರುಗಿಸುವ ವ್ಯೂ ಫಂಕ್ಷನ್, ಅಂದರೆ ಏನನ್ನೂ ಬದಲಿಸದೆ ಓದಿ ಹೇಳುವ ಫಂಕ್ಷನ್, ಒಂದಿತ್ತು. ಹಣ ಜಮೆಯಾಗಿದ್ದರೂ, ಜಾವಾಸ್ಕ್ರಿಪ್ಟಿನಿಂದ ಕರೆದಾಗಲೆಲ್ಲ ಅದು ಸೊನ್ನೆಯನ್ನೇ ಕೊಡುತ್ತಿತ್ತು. ಅರ್ಧ ದಿನ ಕಾಂಟ್ರ್ಯಾಕ್ಟನ್ನೇ ಶಂಕಿಸಿದೆ. ತಪ್ಪಿದ್ದುದು ಬ್ಲಾಕ್‌ಚೈನಿನೊಡನೆ ವ್ಯವಹರಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿಯಾದ ವೆಬ್3.ಜೆಎಸ್‌ನ ‘ಕಾಲ್’ ಮುಂದಿನ ಖಾಲಿ ಆವರಣದಲ್ಲಿ: ಅಲ್ಲಿ ‘ಫ್ರಮ್’ ಎಂದು ವಿಳಾಸ ಕೊಡದಿದ್ದರೆ, ಗೆತ್‌ನಂತಹ ನೋಡ್ (ಎಥೀರಿಯಮ್ ಜಾಲದ ಕಂಪ್ಯೂಟರಿನಲ್ಲಿ ಓಡುವ ತಂತ್ರಾಂಶ) 40 ಸೊನ್ನೆಗಳ ಶೂನ್ಯ ವಿಳಾಸವನ್ನೇ ‘ಎಂಎಸ್‌ಜಿ.ಸೆಂಡರ್’ ಎಂದು, ಅಂದರೆ ಕರೆದವರೆಂದು, ಭಾವಿಸುತ್ತದೆ, ಮತ್ತು ಆ ವಿಳಾಸದ ಹೆಸರಿನಲ್ಲಿ ನನ್ನ ಕಾಂಟ್ರ್ಯಾಕ್ಟಿನಲ್ಲಿ ಬಿಡಿಗಾಸೂ ಇರಲಿಲ್ಲ. ಫ್ರಮ್ ಎದುರು ನನ್ನ ಖಾತೆಯ ವಿಳಾಸವನ್ನು ಬರೆದೊಡನೆ ಸರಿಯಾದ ಮೊತ್ತ ಬಂತು.

ಇಂತಹ ಓದುವ ಕರೆಗೆ ಸಹಿ ಬೇಕಿಲ್ಲವಾದ್ದರಿಂದ ಫ್ರಮ್‌ನಲ್ಲಿ ಯಾರ ವಿಳಾಸವನ್ನಾದರೂ ಬರೆಯಬಹುದು. ಹಾಗಾಗಿ ವ್ಯೂ ಫಂಕ್ಷನ್ನಿನಲ್ಲಿ ಸೆಂಡರನ್ನು ಪರೀಕ್ಷಿಸಿ ಗುಟ್ಟು ಕಾಯುತ್ತೇವೆಂಬುದು, ನನ್ನ ದೃಷ್ಟಿಯಲ್ಲಿ, ಗೋಡೆಯಿಲ್ಲದ ಮನೆಯ ಬಾಗಿಲಿಗೆ ಬೀಗ ಹಾಕಿದಂತೆ. ‘ಸೆಂಡ್’ ಹಾಗಲ್ಲ: ಸ್ಥಿತಿಯನ್ನು ಬದಲಿಸುವ ಆ ವಹಿವಾಟಿಗೆ ಫ್ರಮ್ ವಿಳಾಸದ ಖಾಸಗಿ ಕೀಲಿಯ ಸಹಿ ಬೇಕೇ ಬೇಕು, ಮೆಟಾಮಾಸ್ಕ್ ಎಂಬ ವಾಲೆಟ್ ಇದ್ದರೆ ಅದು ಬಳಕೆದಾರರ ಒಪ್ಪಿಗೆಯನ್ನು ಕೇಳುತ್ತದೆ. ಈಥರ್ಸ್ ಎಂಬ ಇನ್ನೊಂದು ಲೈಬ್ರರಿ ಬಳಸುವವರು ‘ಕನೆಕ್ಟ್’ ಮೂಲಕ ಸೈನರನ್ನು (ಸಹಿ ಹಾಕುವ ಖಾತೆಯನ್ನು) ಜೋಡಿಸಿದರೆ, ಆ ಸೈನರ್‌ನ ವಿಳಾಸವೇ ತಾನಾಗಿ ಫ್ರಮ್ ಆಗುತ್ತದೆ.